ಪೊದೆಯ ಕೆಳಗೆ ಮಲಗಿದ ಎಲೀಯ

ಪ್ರೀತಿಯ ಅಣ್ಣ,

ನೀನು ಪಕ್ಕದ ಕೋಣೆಯಲ್ಲೇ ಮಲಗಿದ್ದೀಯ, ನಾನು ಅಡುಗೆಮನೆಯಲ್ಲಿ ಕೂತು ನಿನಗೇ ಕಾಗದ ಬರೆಯುತ್ತಿದ್ದೇನೆ. ನಗಬೇಡ. ಎದುರು ನಿಂತರೆ ಊಟದ ಮಾತಷ್ಟೇ ಆಡಿ ಎದ್ದು ಬಂದುಬಿಡುತ್ತೇನೆ. ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು. ವಾರ್ಡಿನಲ್ಲಿ ಇಬ್ಬರು ನರ್ಸುಗಳ ಕೆಲಸ ಒಬ್ಬಳೇ ಎಳೆಯುವ ಕಾಲ ಇದು.

ಅತ್ತಿಗೆಯನ್ನು ಮಣ್ಣು ಮಾಡಿದ ದಿನ ಪ್ರಾರ್ಥನೆ ನಡೆಸಿದವನೂ ನೀನೇ. ಹೆಂಡತಿಯ ಶವಪೆಟ್ಟಿಗೆಯ ಮುಂದೆ ನಿಂತು, ಸ್ವರ ಒಂದಿಷ್ಟೂ ಅದುರದೆ ಮಾತಾಡಿದೆ. ಚರ್ಚಿನ ಸಭೆಯವರೆಲ್ಲ, "ನಮ್ಮ ಪಾಸ್ಟರು ಅಂದ್ರೆ ಬಂಡೆ!" ಎಂದರು. ಆ ಹೊಗಳಿಕೆಯೇ ನಿನ್ನ ಕೊರಳಿಗೆ ಉರುಳಾಯಿತು. ಆಮೇಲಿನ ಭಾನುವಾರಗಳ ನಿನ್ನ ಪ್ರಸಂಗಗಳಲ್ಲಿ ಬೈಬಲಿನ ವೀರರೇ: ದಾವೀದನ ಕವಣೆ, ಸಂಸೋನನ ತೋಳು, ಬರೀ ಗೆದ್ದವರ ಕಥೆ.

ಕೊನೆಗೆ ಆ ಭಾನುವಾರ ಬಂತು. ಪ್ರವಾದಿ ಎಲೀಯನು ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಕಥೆ. ಪ್ರತಿಸಲ ನೀನು ಅಲ್ಲಿಗೇ ಮುಗಿಸುತ್ತಿದ್ದೆ. ಅವತ್ತು ಯಾಕೋ ಪುಟ ತಿರುಗಿಸಿದೆ. ರಾಣಿಯ ಒಂದು ಬೆದರಿಕೆಗೆ ಹೆದರಿ ಮರಳುಗಾಡಿಗೆ ಓಡಿದ ಅದೇ ಎಲೀಯ, ಪೊದೆಯ ಕೆಳಗೆ ಕುಸಿದು, ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ್ದನ್ನು ಓದುತ್ತಾ ನಿಂತುಬಿಟ್ಟೆ. "ನಂಗೂ ಸಾಕಾಗಿದೆ," ಎಂದೆ. ವೇದಿಕೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಹಿರಿಯರೊಬ್ಬರು ಅಂದದ್ದು ನಿನ್ನ ಕಿವಿಗೂ ಬಿತ್ತು: "ಕುರುಬನೇ ಹಿಂಗೆ ಕೂತ್ಬಿಟ್ರೆ ಕುರಿಗಳ ಗತಿ ಏನು?"

ಅಂದಿನಿಂದ ನನ್ನ ಮನೆಯ ಆ ಕೋಣೆ, ಎಳೆದ ಪರದೆ, ಗೋಡೆಗೆ ತಿರುಗಿದ ನಿನ್ನ ಮುಖ. "ದೇವ್ರ ಮುಂದೆ ನಾಚಿಕೆ ಆಗತ್ತೆ ಕಣೇ," ಎಂದೆ ಒಮ್ಮೆ. ನಿನ್ನಷ್ಟು ಸತ್ಯವೇದ ಓದಿದವಳಲ್ಲ ನಾನು. ಆದರೂ ಆ ಪುಟದ ಉಳಿದ ಸಾಲುಗಳನ್ನು ಹುಡುಕಿ ಓದಿದೆ. ದೇವರು ಎಲೀಯನನ್ನು ಬೈಯಲಿಲ್ಲ. ಮಲಗಲು ಬಿಟ್ಟ. ರೊಟ್ಟಿ, ನೀರು ಕಳಿಸಿದ. ತಿಂದವನು ಮತ್ತೆ ಮಲಗಿದರೂ ಸುಮ್ಮನಿದ್ದ. ಇದು ನನಗೆ ಅರ್ಥವಾಗುವ ದೇವರು, ಅಣ್ಣ. ವಾರ್ಡಿನಲ್ಲಿ ನಾವು ಮಾಡುವುದೂ ಅದನ್ನೇ.

ನಿನ್ನೆ ಸಂಜೆ ಕೊಳಾಯಿ ರಿಪೇರಿಯವನು ಬಂದಾಗ, ಕರೆಯದೆ ಯಾಕೆ ಬಂದ ಎಂದುಕೊಂಡೆ. ನಿನ್ನ ಸಭೆಯವನೇ, ಕಳೆದ ವರ್ಷ ಮಗಳನ್ನು ಕಳೆದುಕೊಂಡವನು. ನಿನ್ನ ಕೋಣೆಯ ಬಾಗಿಲಲ್ಲೇ ನಿಂತು, "ಅಯ್ಯಾ, ಪ್ರಸಂಗ ಬೇಡ. ಮಗಳು ಹೋದಾಗ ನಿಮ್ಮ ಮುಂದೆ ಅಳಕ್ಕೆ ಧೈರ್ಯ ಬರ್ಲಿಲ್ಲ. ಈಗ ಬಂದಿದೆ," ಎಂದ. ನೀನು ಎದ್ದೆ. ಅವನ ಪಕ್ಕ ನೆಲದ ಮೇಲೆ ಕೂತೆ. ಕತ್ತಲಾಗುವವರೆಗೂ ಇಬ್ಬರೂ ಬಿಕ್ಕುವುದು ಕೇಳುತ್ತಿತ್ತು.

ನಾನು ಈಚೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಒಳಗೆ ಬರಬೇಕೆನ್ನಿಸಿತು, ಬರಲಿಲ್ಲ. ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿರಬೇಕಲ್ಲ! ಅತ್ತಿಗೆ ನಿನಗೆ ಹೆಂಡತಿ. ನನಗೋ, ತಾಯಿಯಿಲ್ಲದವಳನ್ನು ತಲೆ ಬಾಚಿ, ಗದರಿಸಿ ಬೆಳೆಸಿದ ಅಮ್ಮ. ನಾನಿನ್ನೂ ಅತ್ತಿಲ್ಲ, ಅಣ್ಣ. ಸಂಜೆ ಬರುತ್ತೇನೆ. ನಿನ್ನ ಪಕ್ಕ ಸ್ವಲ್ಪ ಜಾಗ ಬಿಡು.

ನಿನಗೆ ಬಲ ಕೊಡಲಿ ಎಂದು ಇವತ್ತು ಬೇಡುವುದಿಲ್ಲ. ಸೋತ ನಮ್ಮಿಬ್ಬರನ್ನೂ ದೇವರು ಕೈಬಿಡದಿರಲಿ.

ನಿನ್ನ ಬೆನ್ನು ಬಿಡದ ಬಾಲ,
ತಂಗಿ