ಉಸ್ಮಾನನ ಬೆನ್ನ ಮ್ಯಾಲಿನ ಕೈ

ತಂಗಿ ಸುಗರಾ,

ಬೈಕುಲ್ಲಾಕ್ಕ ಹೊಲಿಗಿ ಕೆಲಸಕ್ಕ ಹೊಂಟೀನಿ. ನಿನ್ನ ಎಬ್ಬಸಲಿಲ್ಲ. ನನಗಂತೂ ಕಣ್ಣಿಗೆ ಕಣ್ಣ ಹತ್ತಿಲ್ಲ.

ನಿನ್ನೆ ನನ್ನ ಉಸ್ಮಾನನ ಗಂಟಲದಾಗ ಶೇಂಗಾಕಾಳ ಸಿಕ್ಕಾಗ ನೀ ಅವನ ನೆತ್ತಿ ತಟಗೋತ, ಊರಾಗ ಅವನ ಅಬ್ಬಾ ನೆನೆಸ್ಯಾರೇನು, ನಮ್ಮ ಚಿಗವ್ವ ಖಾಲಾ ನೆನೆಸ್ಯಾಳೇನು ಅಂತ ಹೆಸರ ಹೇಳಕೋತ ಕುಂತಿದ್ದಿ. ಅಷ್ಟರಾಗ ಅವನ ತುಟಿ ನೀಲಿ ಆಗಿತ್ತು. ನಾ ಬಂದು ಗುದ್ದಿದ ಮ್ಯಾಲ ಕಾಳ ಹೊರಗ ಬಿತ್ತು. ಬೈಯಾಕತ್ತಿಲ್ಲ, ಬೈಯಾಕ ತ್ರಾಣ ಉಳದಿಲ್ಲ.

ಇನ್ನೊಮ್ಮೆ ಹಂಗಾದ್ರ ನೆತ್ತಿ ಬಿಡು. ಕೆಮ್ಮತಿದ್ರ, ಅಳತಿದ್ರ ಕೆಮ್ಮಲಿ. ದನಿನ ಹೊಂಡಲಿಲ್ಲ ಅಂದ್ರ ತೊಡಿ ಮ್ಯಾಲ ಬೋರಲ ಹಾಕಿ, ತಲಿ ಕೆಳಗ ಮಾಡಿ, ಎರಡೂ ಹೆಗಲಿನ ನಡುವ ಬೆನ್ನಿಗೆ ಅಂಗೈ ಬುಡದಿಂದ ಜೋರಾಗಿ ಗುದ್ದು. ನೀರ ಕುಡಸಬ್ಯಾಡ. ಕಣ್ಣಿಗೆ ಕಾಣದ್ದನ್ನ ಬೆರಳ ಹಾಕಿ ಹುಡುಕಬ್ಯಾಡ, ಇನ್ನೂ ಒಳಗ ಹೋಗತೈತಿ. ಚಾಳಿನವರನ್ನ ಕೂಗು, ದವಾಖಾನಿಗೆ ಟ್ಯಾಕ್ಸಿ ತರಸು.

ನಮ್ಮ ಅಮ್ಮಿಗೆ ಹಲ್ಲಿಲ್ಲ. ಖಂಡದ ಚೂರ ಸಿಕ್ಕರ ಅಕಿನ್ನೂ ಮುಂದಕ್ಕ ಬಗ್ಗಿಸಿ ಹಂಗ ಗುದ್ದು. ಹಿರೇರು ಅಂತ ಕೈ ಹಿಂದ ತಗೀಬ್ಯಾಡ.

ಶೇಂಗಾದ ಡಬ್ಬಿ ಮ್ಯಾಲ ಇಟ್ಟೀನಿ. ಅವ ಎಷ್ಟ ಹಟ ಮಾಡಿದ್ರೂ ಇಳಸಬ್ಯಾಡ.

ಅವನ ಬೆನ್ನ ಮ್ಯಾಲ ನನ್ನ ಕೈ ಕೆಂಪಗ ಮೂಡೇತಿ. ಎಣ್ಣಿ ಹಚ್ಚು. ಬಾಜೂ ಮನಿಯವರು, ತಾಯಿ ಆಗಿ ಹಿಂಗ ಬಡದಾಳ ಅಂದ್ರ ಅನ್ನಲಿ.

ರಾತ್ರಿ ನಾ ಕೈ ಚಾಚಿದ್ರ ಅಂಜಿ ನಿನ್ನ ಮಗ್ಗಲಾಗ ಹೊಕ್ಕ. ಸಂಜಿಕ ನಾ ಬಂದಾಗ ಅವನ್ನ ನನ್ನ ಕೈಯಾಗ ಕೊಡು. ಅವ ಅತ್ರೂ ಕೊಡು. ಅವನ ಅಳೂ ದನಿ ಕೇಳಿದ್ರನ ನನ್ನ ಜೀವಕ್ಕ ಸಮಾಧಾನ.

ಆಪಾ