ಮೂರನೇ ಅಂಕ ಇನ್ನೂ ಸರಿಯಾಗಿಲ್ಲ

ಜನವರಿ 9, ಗುರುವಾರ

ಇವತ್ತೂ ಅದೇ ಗೋಳು. ಮಂತ್ರಿ ಒಳಗೆ ಬರುವ ಮೊದಲೇ ರಾಜ ಉತ್ತರ ಕೊಟ್ಟಾಯಿತು. ಮಂತ್ರಿಯ ಪಾರ್ಟು ನಮ್ಮ ಪೋಸ್ಟ್‌ಮಾಸ್ಟರರದು. ಬಾಗಿಲಲ್ಲೇ ನಿಂತು, "ನಾನಿನ್ನೂ ಪ್ರಶ್ನೆನೇ ಕೇಳಿಲ್ವಲ್ಲ ಪ್ರಭು!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ. ಡೈರೆಕ್ಟರ್ ನಕ್ಕರೆ ಆ ದಿನದ ರಿಹರ್ಸಲ್ ಹಾಳು.

ರಾಜ ಬೇರೆ ಯಾರೂ ಅಲ್ಲ, ನಮ್ಮ ಮನೆಯವರೇ. ಯಾರೂ ಸಿಗಲಿಲ್ಲವೆಂದು ನಾನೇ ಹಿಡಿದು ನಿಲ್ಲಿಸಿದ್ದು. ರಾಣಿ — ಹಲ್ಲಿನ ಡಾಕ್ಟರ್. ಹೊಸಬಳು, ಮಾತು ಸ್ಪಷ್ಟ. ಕೊನೆಯದು ಮೂರನೇ ಅಂಕ. ರಾಜ ಗಡಿಪಾರಾಗಿ ರಾಣಿಯನ್ನು ಬಿಟ್ಟು ಹೊರಡುತ್ತಾನೆ. ಎಷ್ಟೋ ತಲೆಮಾರು ಅತ್ತ ದೃಶ್ಯ. ಇವರು ಇನ್ಶೂರೆನ್ಸ್ ಆಫೀಸಿನ ಪೆನ್ನು ಜೇಬಿನಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾದವರ ಹಾಗೆ ಹೊರಡುತ್ತಾರೆ.

"ಹೆಂಡ್ತೀನ ಬಿಟ್ಟು ಹೋಗೋನ ಮುಖ ಹೀಗಿರತ್ತೇನ್ರೀ?"

"ನಂಗೇನ್ ಗೊತ್ತು? ನಾನ್ಯಾವತ್ತು ಬಿಟ್ಟು ಹೋಗಿದೀನಿ?"

ಮತ್ತೆ ನಗು.

ಜನವರಿ 18, ಶನಿವಾರ

ಮೊನ್ನೆ ರಾಜ-ರಾಣಿ ಇಬ್ಬರಿಗೂ ಹೋಮ್‌ವರ್ಕ್ ಕೊಟ್ಟಿದ್ದೆ. ಶನಿವಾರ ಮಧ್ಯಾಹ್ನ ಇಬ್ಬರೇ ಕೂತು ಆ ದೃಶ್ಯ ಓದಿಕೊಳ್ಳಬೇಕು. ಇವರು ಗೊಣಗಿದರು. "ಇರೋದೊಂದು ಶನಿವಾರ ಕಣೇ, ನಿದ್ದೆ ಮಾಡ್ಬೇಕು." ಬಲವಂತ ಮಾಡಿ ಕಳಿಸಿದೆ. ಬಿಸಿಲಿಗೆ ಛತ್ರಿ ಮರೆತಿದ್ದರು, ಮೆಟ್ಟಿಲಿಳಿದು ಹೋಗಿ ಕೊಟ್ಟು ಬಂದೆ.

ಫೆಬ್ರವರಿ 6, ಗುರುವಾರ

ಅಬ್ಬಾ! ಕೊನೆಗೂ!

ಮೂಕ ರಿಹರ್ಸಲ್ ಇಟ್ಟಿದ್ದೆ. ಬಾಯಿ ಬಿಡುವ ಹಾಗಿಲ್ಲ, ಬರೀ ಓಡಾಟ. ಮಾತು ತೆಗೆದರೆ ಯಾರಿಗೆ ಪಾರ್ಟು ಮೈಗೂಡಿದೆ, ಯಾರಿಗಿಲ್ಲ, ಗೊತ್ತಾಗುತ್ತದೆ. ಮೂರನೇ ಅಂಕ ಬಂತು. ರಾಜ ಹೊರಟರು. ನಡುವೆ ನಿಂತರು. ತಿರುಗಿ ನೋಡದೆ ಒಂದು ಕೈ ಹಿಂದಕ್ಕೆ ಚಾಚಿದರು... ಅವಳ ಕೈ ಬಂದು ಸೇರಿತು. ಇಬ್ಬರೂ ಹುಡುಕಲಿಲ್ಲ. ನಮ್ಮ ನಮ್ಮ ಮನೆಯಲ್ಲಿ ಕತ್ತಲಲ್ಲೂ ಸ್ವಿಚ್ಚಿಗೆ ಕೈ ಹೋಗುತ್ತದಲ್ಲ, ಹಾಗೆ.

ಲೈಬ್ರರಿ ಮಹಡಿಯ ಹಾಲಿನಲ್ಲಿ ಕೂತವರೆಲ್ಲ ಮುಂದಕ್ಕೆ ಬಾಗಿದ್ದರು. ಪೋಸ್ಟ್‌ಮಾಸ್ಟರರು ಕಣ್ಣೊರೆಸಿಕೊಂಡರು. "ತುಂಬಾ ಚೆನ್ನಾಗಿದೆ, ಹಾಗೇ ಇಟ್ಕೊಳ್ಳಿ!" ಎಂದು ಕೂಗಿದೆ. ಸ್ಕ್ರಿಪ್ಟಿನಲ್ಲಿ ಬರೆದೂ ಬಿಟ್ಟೆ — ರಾಜ ಕೈ ಹಿಂದಕ್ಕೆ, ರಾಣಿ ಹಿಡಿಯುತ್ತಾಳೆ. ಇನ್ನೆರಡು ಸಲ ಮಾಡಿಸಿದೆ. ಎರಡೂ ಸಲ ಅಷ್ಟೇ ಚೆನ್ನ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಬಸ್ ಸ್ಟಾಪಿಗೆ ಹೋಗುವಾಗ ಇವರ ಹಿಂದೆ ರಸ್ತೆ ದಾಟಿದೆ. ಗಾಡಿಗಳು ಒಂದೇ ಸಮ. ಇವರ ಎರಡೂ ಕೈ ಜೇಬಿನಲ್ಲಿ.

ಆ ಕೈ ಹೇಳಿಕೊಟ್ಟದ್ದು ನಾನಲ್ಲವಲ್ಲ.

ಥೂ. ನನ್ನದು ಹಾಳು ತಲೆ.

ಫೆಬ್ರವರಿ 9, ಭಾನುವಾರ

ಕೇಳಿದೆ. ಬಟ್ಟೆ ಮಡಿಸುತ್ತ, ಇವರ ಮುಖ ನೋಡದೆ. ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದೆ.

"ನಾಟಕ ಮುಗೀಲಿ. ಆಮೇಲೆ ನಾನು... ಹೊರಡ್ತೀನಿ ಕಣೇ."

"ಅವಳ ಹತ್ರ?"

"ಹೂಂ."

ಟವೆಲ್ ಮಡಿಸಿದೆ. ಬಿಚ್ಚಿದೆ. ಮತ್ತೆ ಮಡಿಸಿದೆ.

"ಈಗ್ಲೇ ಯಾರಿಗೂ ಹೇಳ್ಬೇಡ. ಪಾಪ, ಎಲ್ರೂ ಅಷ್ಟು ಕಷ್ಟಪಟ್ಟಿದಾರೆ" ಎಂದರು.

ಪಾಪವಂತೆ! ಊರಿನವರ ಮೇಲೆಲ್ಲ ಕರುಣೆ ಈ ಮನುಷ್ಯನಿಗೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 20, ಗುರುವಾರ

ಶೋ ಮುಂದಕ್ಕೆ ಹಾಕಿದೆ. ಮೂರನೇ ಅಂಕ ಇನ್ನೂ ಸರಿಯಾಗಿಲ್ಲ ಎಂದೆ.

"ಮೇಡಂ, ನೋಡ್ತಾ ನೋಡ್ತಾ ನಾನೇ ಅಳ್ತೀನಿ. ಇನ್ನೇನು ಸರಿಯಾಗ್ಬೇಕು?" ಪೋಸ್ಟ್‌ಮಾಸ್ಟರರು.

ಹೌದು. ಎಳ್ಳಷ್ಟೂ ತಪ್ಪಿಲ್ಲ. ಆದರೆ ರಿಹರ್ಸಲ್ ಇರುವ ತನಕ ಇವರು ನನ್ನ ಜೊತೆ ಮನೆಗೆ ಬರುತ್ತಾರೆ. ನಾನು ಬೀಗ ತೆಗೆಯುವಾಗ ಚೀಲ ಹಿಡಿದುಕೊಳ್ಳುತ್ತಾರೆ. ಅಷ್ಟಕ್ಕೋಸ್ಕರ ಇಷ್ಟು ಜನರನ್ನು ಕುಣಿಸುತ್ತಿದ್ದೇನೆ. ನಾಚಿಕೆಯಾಗುತ್ತದೆ. ಆದರೂ ಬಾಯಿಗೆ ಬರುವುದು ಒಂದೇ — "ಮತ್ತೆ ಮೊದಲಿಂದ."

ಮಾರ್ಚ್ 6, ಗುರುವಾರ

ಆ ಕೈ ತೆಗೆದುಹಾಕಿ ಎಂದೆ. ತೆಗೆದರು. ದೃಶ್ಯ ಸತ್ತುಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಹಾಳಾದ್ದು, ನಾಟಕ ನಾಟಕವೇ... ನಾನೇ ಮತ್ತೆ ಸೇರಿಸಿದೆ.

ಕುರ್ಚಿ ಜೋಡಿಸುವಾಗ ಅವಳು ಹತ್ತಿರ ಬಂದಳು. "ಅಕ್ಕಾ, ನಿಮ್ಗೂ ಕಷ್ಟ ಆಗ್ತಿದೆ..."

ಅಕ್ಕ!

"ನನ್ ಕಷ್ಟ ನೀನು ನೋಡ್ಬೇಡ. ಎರಡನೇ ಅಂಕದಲ್ಲಿ ದನಿ ಮುಳುಗ್ತಿದೆ, ಅದನ್ನ ನೋಡ್ಕೋ."

ನೋಡಿಕೊಂಡಳು. ಮುಂದಿನ ಸಲ ದನಿ ಕೊನೇ ಗೋಡೆಯವರೆಗೆ ಹೋಯಿತು. ಒಳ್ಳೆಯ ನಟಿ. ಹೊಟ್ಟೆ ಉರಿಯಿತು.

ಮಾರ್ಚ್ 13, ಗುರುವಾರ

ಇವತ್ತು ಇವರು ಸಾಲು ಮರೆತರು. ಆಮೇಲೆ ತಪ್ಪು ಕಡೆಗೆ ಹೊರಟರು. ಆಮೇಲೆ ಕೆಮ್ಮು. ಪ್ರತಿ ಸಲವೂ ನನ್ನ ಕಡೆ ಒಂದು ನೋಟ.

ಬೇಕೆಂದೇ ತಪ್ಪುತ್ತಿದ್ದಾರೆ. ನನಗಾಗಿ. ಇನ್ನೊಂದು ವಾರ ಸಿಗಲಿ ಪಾಪ ಎಂದು. ಮರೆತ ಹಾಗೆ ನಟಿಸುವುದೂ ಸರಿಯಾಗಿ ಬರುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದವಳಿಗೆ ಅದು ಗೊತ್ತಾಗುವುದಿಲ್ಲವೇ?

ಬಿಟ್ಟು ಹೋಗುವುದನ್ನು ಹೇಗೋ ತಡೆದುಕೊಂಡೇನು. ಇದನ್ನು ತಡೆದುಕೊಳ್ಳಲಾರೆ.

"ಸರಿಯಾಗಿದೆ," ಎಂದೆ ಎಲ್ಲರಿಗೂ ಕೇಳುವ ಹಾಗೆ. "ಮುಂದಿನ ಶನಿವಾರ ಶೋ."

ಪೋಸ್ಟ್‌ಮಾಸ್ಟರರು ಚಪ್ಪಾಳೆ ಹೊಡೆದರು. ಇವರು ತಲೆ ತಗ್ಗಿಸಿದರು.

ಮಾರ್ಚ್ 22, ಶನಿವಾರ — ಸಂಜೆ, ರಂಗದ ಪಕ್ಕದ ವಿಂಗಿನಲ್ಲಿ

ಹಾಲ್ ತುಂಬಿದೆ. ಇವರಿಗೆ ಮೇಕಪ್ ನಾನೇ ಮಾಡಿದೆ. ಕಣ್ಣು ಮುಚ್ಚಿ ಕೂತಿದ್ದರು. ಹುಬ್ಬು ತೀಡಿದೆ, ಮೀಸೆ ಅಂಟಿಸಿದೆ. ಇಷ್ಟು ಹತ್ತಿರದಿಂದ ಈ ಮುಖ ನೋಡಿ ಎಷ್ಟು ಕಾಲವಾಯಿತೋ.

"ಕೊನೇದಾಗಿ ಏನಾದ್ರೂ ಹೇಳ್ಬೇಕಾ?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಕತ್ತು ಬಗ್ಗಿಸ್ಬೇಡಿ. ಕಿರೀಟ ಜಾರತ್ತೆ."

ಇನ್ನೂ ಏನೋ ಹೇಳುವುದಿತ್ತು. ಕಿರೀಟವನ್ನು ಇನ್ನೊಮ್ಮೆ ಒತ್ತಿ ಕೂರಿಸಿದೆ.

ಮರೆತ ಸಾಲು ಹೇಳಿಕೊಡುವ ಪ್ರಾಂಪ್ಟರಿಗೆ ಜ್ವರ. ಸ್ಕ್ರಿಪ್ಟ್ ಹಿಡಿದು ಬಲಗಡೆ ವಿಂಗಿನಲ್ಲಿ ನಾನೇ ನಿಲ್ಲಬೇಕು. ಈಗಷ್ಟೇ ಹೊಳೆಯಿತು — ರಾಜ ಹೊರಡುವುದು ಬಲಗಡೆಗೇ. ಹಾಗೆ ಗೊತ್ತುಮಾಡಿದವಳು ನಾನೇ. ಅವಳ ಕೈ ಬಿಟ್ಟು, ಬೆಳಕು ದಾಟಿ, ನೇರ ನನ್ನ ಹತ್ತಿರ ಬರುತ್ತಾರೆ. ರಾಣಿ ಒಬ್ಬಳೇ ಕೊನೆಯ ಮಾತು ಆಡಿ ಮುಗಿಸುವ ತನಕ ಈ ಕತ್ತಲಲ್ಲಿ ನನ್ನ ಪಕ್ಕ ನಿಂತಿರುತ್ತಾರೆ. ಆಮೇಲೆ ಪರದೆ ಬೀಳುತ್ತದೆ.

ಕೊನೆಯ ಮಾತು ನಿಧಾನವಾಗಿ ಆಡು ಎಂದು ಅವಳಿಗೆ ಹೇಳಿ ಬರಲೇ? ಬೇಡ... ಎಷ್ಟು ನಿಧಾನವಾದರೂ ಅರ್ಧ ಪುಟ.

ಬೆಲ್ ಆಯಿತು. ಇವರು ಆ ಕಡೆ ವಿಂಗಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಹೋಗಿ ಎಂದು ಕೈ ಮಾಡಬೇಕು, ನಾನು ಕೈ ಮಾಡದೆ ರಾಜ ರಂಗಕ್ಕೆ ಬರುವ ಹಾಗಿಲ್ಲ. ಪೆನ್ನು ಇನ್ನೂ ನನ್ನ ಕೈಯಲ್ಲೇ ಇದೆ.