ಲೆಕ್ಕಕ್ಕಿಲ್ಲದ ಉತ್ತರ

ಮಾರ್ಚ್ ೯, ಲುಗಾಂಗ್

ನಾಳೆ ಬೆನ್ನಿಗೊಂದು ಚೀಲ ಹೊತ್ತು ಒಬ್ಬನೇ ದಕ್ಷಿಣ ಅಮೆರಿಕ ಸುತ್ತಲು ಹೊರಡಲಿರುವ ಮಹಾವೀರ ನಾನು, ಬೆಳಗಿನಿಂದ ಹೋಗದಿರಲು ನೆಪ ಹುಡುಕುತ್ತಿದ್ದೇನೆ. ದೇವಿಯೇ ಬೇಡವೆಂದರೆ ಮರ್ಯಾದೆಯಿಂದ ಮನೆಯಲ್ಲಿ ಉಳಿಯಬಹುದೆಂದು ಅಜ್ಜಿಯ ಜೊತೆ ಕಡಲದೇವಿ ಮಾಜುವಿನ ಗುಡಿಗೆ ಹೋದೆ. "ಹೋಗಲೇ?" ಎಂದು, ದೇವಿಯ ಉತ್ತರ ಕೇಳುವ ಅರ್ಧಚಂದ್ರಾಕಾರದ ಜೋಡಿ ಮರದ ತುಂಡು ಎಸೆದೆ. ಎರಡೂ ಅಂಗಾತ ಬಿದ್ದವು. ಹಾಗೆಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ದೇವಿ ನಗುತ್ತಿದ್ದಾಳೆ!

"ಟಿಕೆಟ್ ತಗೊಂಡ್ಮೇಲೆ ಕೇಳಿದ್ರೆ ನಗ್ದೆ ಏನ್ಮಾಡ್ತಾಳೋ, ಕೋತಿ?" ಅಜ್ಜಿಯೂ ನಕ್ಕಳು.

ಆಮೇಲೆ ತಾನೇ ಎಸೆದಳು. "ತಾಯಿ, ಇವ್ನು ವಾಪಸ್ ಬರ್ತಾನಲ್ವಾ?"

ಎರಡೂ ಬೋರಲು. ಇಲ್ಲವೆಂದು.

"ಕೈ ಜಾರ್ತು ಕಣೋ, ಇದು ಲೆಕ್ಕಕ್ಕಿಲ್ಲ."

ಮತ್ತೆ ಬೋರಲು. ಮುಂದಿನ ಸಲ ಒಂದು ಅಂಗಾತ, ಒಂದು ಬೋರಲು. "ನೋಡು, ಹೂಂ ಅಂದ್ಳು!"

ಚಿಕ್ಕಂದಿನಿಂದ ಅವಳನ್ನು ಏಮಾರಿಸುತ್ತ ಬಂದ ನಾನು ಇವತ್ತು ಏಮಾರಿದವನಂತೆ ನಕ್ಕೆ. ಈಗ ರಾತ್ರಿ, ಮಹಡಿಯ ಕೋಣೆಯಲ್ಲಿ ಚೀಲದ ಪಟ್ಟಿ ಬಿಗಿಯುತ್ತಿದ್ದೇನೆ. ಕೆಳಗೆ, ಮನೆದೇವರ ಮುಂದೆ, ಟಕ್ ಟಕ್ ಎಂದು ಮರದ ತುಂಡು ಬೀಳುವ ಸದ್ದು. ಅಜ್ಜಿ ಇನ್ನೂ ಕೇಳುತ್ತಲೇ ಇದ್ದಾಳೆ.